ನಮ್ಮ ಪಂಚಾಯಿತಿ, ಸೊಸೈಟಿ, ಶಾಲೆಯಿಂದ ನಿಮ್ಮ ಪಕ್ಷಗಳು ದೂರ ಇರಲಿ

ಉತ್ತರ ಕನ್ನಡ ಜಿಲ್ಲೆಯ ಎಲ್ಲ ರಾಜಕೀಯ ಪಕ್ಷಗಳ ಜಿಲ್ಲಾಧ್ಯಕ್ಷರಿಗೆ, ಅವರ ಮಂಡಲ, ಬ್ಲಾಕ್ ಮತ್ತು ಬೂತ್ ಮಟ್ಟದ ಪದಾಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರ. ಊರಿನ ಸೇವಾ ಸಹಕಾರಿ ಸಂಘದ ಸದಸ್ಯ. ನಿಮ್ಮಲ್ಲಿ ಯಾರ ಮೇಲೂ ನನಗೆ ದ್ವೇಷ ಇಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆ ಬಂದಾಗ ತಪ್ಪದೆ ಮತ ಹಾಕುತ್ತೇನೆ, ಪಕ್ಷ ನೋಡಿಯೇ ಹಾಕುತ್ತೇನೆ. ಈ ಪತ್ರದಲ್ಲಿ ನಾನು ಕೇಳುವುದು ಒಂದೇ ವಿಷಯ. ಗ್ರಾಮ ಪಂಚಾಯಿತಿ, ಸೊಸೈಟಿ ಮತ್ತು ಸರ್ಕಾರಿ ಶಾಲೆ, ಈ ಮೂರು ಕಡೆಯಿಂದ ನಿಮ್ಮ ಪಕ್ಷಗಳು ಹಿಂದೆ ಸರಿಯಬೇಕು.

ಇದನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣ ಇದೆ. ಒಬ್ಬೊಬ್ಬರನ್ನೇ ಕಂಡು ಹೇಳಿದರೆ ನೀವು ಇಲ್ಲ ಅನ್ನುವುದಿಲ್ಲ. "ನೀವು ಹೇಳೋದು ಸರಿ ಮಾರಾಯ್ರೆ, ಆದ್ರೆ ಅವರು ಬಿಟ್ರೆ ನಾವೂ ಬಿಡ್ತೇವೆ" ಎನ್ನುತ್ತೀರಿ. ಆ ಕಡೆಯವರನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಾರೆ. ಹಾಗಾಗಿ ಎಲ್ಲರಿಗೂ ಒಂದೇ ಪತ್ರ, ಎಲ್ಲರ ಎದುರಿಗೆ.

ನಾನು ಹೊಸದೇನನ್ನೂ ಕೇಳುತ್ತಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. 1993ರ ಪಂಚಾಯತ್ ರಾಜ್ ಕಾಯ್ದೆಯ ವ್ಯವಸ್ಥೆಯಲ್ಲಿ ತಾಲೂಕು ಪಂಚಾಯಿತಿಗೆ, ಜಿಲ್ಲಾ ಪಂಚಾಯಿತಿಗೆ ಪಕ್ಷದ ಚಿಹ್ನೆ ಮೇಲೆ ಸ್ಪರ್ಧಿಸಬಹುದು. ಗ್ರಾಮ ಪಂಚಾಯಿತಿಗೆ ಹಾಗಿಲ್ಲ. ಅದು ಪಕ್ಷರಹಿತ ಚುನಾವಣೆ. ಆಟೊ ರಿಕ್ಷಾ, ಹೊಲಿಗೆ ಯಂತ್ರದಂಥ ಚಿಹ್ನೆಗಳನ್ನು ಆಯೋಗವೇ ಹಂಚುತ್ತದೆ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಚುನಾವಣೆ ನಡೆದಾಗಲೂ ರಾಜ್ಯ ಚುನಾವಣಾ ಆಯೋಗ ಇದನ್ನೇ ಮತ್ತೆ ನೆನಪಿಸಿತ್ತು. ಆದರೂ ಆಗಿದ್ದೇನು? ಮತಗಟ್ಟೆಯ ಹೊರಗೆ ಕೂತವರು ನಿಮ್ಮ ಕಾರ್ಯಕರ್ತರು. ವಾರ್ಡಿಗೆ ಯಾರು ನಿಲ್ಲಬೇಕು ಎಂದು ತೀರ್ಮಾನ ಆಗಿದ್ದು ಪಕ್ಷದ ಸಭೆಯಲ್ಲಿ. ಫಲಿತಾಂಶ ಬಂದ ದಿನ ಎಲ್ಲ ಪಕ್ಷಗಳೂ ನಮ್ಮ ಬೆಂಬಲಿತರೇ ಜಾಸ್ತಿ ಗೆದ್ದಿದ್ದಾರೆ ಎಂದು ಹೇಳಿಕೆ ಕೊಟ್ಟವು. ಪತ್ರಿಕೆಗಳು ಅದನ್ನು ಪಟ್ಟಿ ಮಾಡಿ ಅಚ್ಚು ಹಾಕಿದವು. ಮತಪತ್ರದಲ್ಲಿ ಇಲ್ಲದ ಪಕ್ಷ ಗೆಲ್ಲುವುದು ಹೇಗೆ, ನೀವೇ ಹೇಳಿ.

ಗ್ರಾಮ ಪಂಚಾಯಿತಿಯನ್ನು ಪಕ್ಷದಿಂದ ದೂರ ಇಟ್ಟಿರುವುದು ಸರಿ ಎಂದು ನನಗೆ ಅನ್ನಿಸುವುದಕ್ಕೆ ಲೆಕ್ಕವೇ ಕಾರಣ. ಸುಮಾರು 400 ಜನರಿಗೆ ಒಬ್ಬ ಸದಸ್ಯ. ನಮ್ಮ ಕಡೆ 400 ಜನ ಎಂದರೆ ಗುಡ್ಡದ ಈಚೆ ನಾಲ್ಕು ಮನೆ, ಹೊಳೆಯ ಆಚೆ ಆರು ಮನೆ, ಹೀಗೆ ಚದುರಿದ ಒಂದಷ್ಟು ಕೇರಿಗಳು. ನಿಂತವರು ಯಾರು, ಅವರ ಮಾತು ಎಂಥದ್ದು, ಕೈ ಎಂಥದ್ದು ಎಂದು ಪ್ರತಿ ಮನೆಗೂ ಗೊತ್ತು. ಲೋಕಸಭೆಗೆ ನಿಲ್ಲುವವರನ್ನು ನಾವು ಹತ್ತಿರದಿಂದ ನೋಡಿರುವುದಿಲ್ಲ. ಅಲ್ಲಿ ಪಕ್ಷ ಬೇಕು. ಅವರ ನಿಲುವು ಏನು ಎಂದು ನಮಗೆ ತಿಳಿಯುವುದೇ ಪಕ್ಷದಿಂದ. ವಾರ್ಡಿನಲ್ಲಿ ಆ ಗುರುತು ಯಾಕೆ ಬೇಕು? ನಮ್ಮ ಮನೆಯ ಶ್ರಾದ್ಧಕ್ಕೂ ಮದುವೆಗೂ ಬರುವ ಮನುಷ್ಯನ ಮೇಲೆ ನಿಮ್ಮ ಚೀಟಿ ಅಂಟಿಸಿದ ಕೂಡಲೇ ನಾವು ಅವನನ್ನು ನೋಡುವುದು ಬಿಟ್ಟು ಚೀಟಿ ನೋಡಲು ಶುರು ಮಾಡುತ್ತೇವೆ. ಅಲ್ಲಿಂದಲೇ ಕೆಡುವುದು.

ಕೆಡುವುದು ಎಂದರೆ ಏನು ಎಂದು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ದೊಡ್ಡ ವಿಷಯ ಕಾಲುಸಂಕ, ಅಂದರೆ ಹಳ್ಳ ದಾಟುವ ಕಿರುಸೇತುವೆ. ಅಡಿಕೆ ಮರದ ದಬ್ಬೆ, ಕಾಡುಮರದ ದಿಮ್ಮಿ ಸೇರಿಸಿ ಕಟ್ಟಿದ ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಕೆಳಗೆ ಕೆಂಪು ನೀರು ಹರಿಯುತ್ತಿರುತ್ತದೆ. ಯಾವ ಹಳ್ಳಕ್ಕೆ ಮೊದಲು ಕಾಂಕ್ರೀಟ್ ಸಂಕ ಆಗಬೇಕು ಎಂಬುದಕ್ಕೆ ಉತ್ತರ ಸುಲಭ. ಎಲ್ಲಿ ಮಕ್ಕಳು ಜಾಸ್ತಿ ದಾಟುತ್ತಾರೋ, ಎಲ್ಲಿ ನೀರು ಜೋರೋ, ಎಲ್ಲಿ ಸುತ್ತಿ ಹೋಗಲು ಬೇರೆ ದಾರಿ ಇಲ್ಲವೋ ಅಲ್ಲಿ. ಹಳ್ಳಿಯ ಯಾವ ಹೆಂಗಸನ್ನು ಕೇಳಿದರೂ ಬೆರಳು ತೋರಿಸುತ್ತಾಳೆ. ಆದರೆ ಪಟ್ಟಿ ಮಾಡುವಾಗ "ಆ ಕೇರಿಯವರು ನಮಗೆ ಹಾಕಲಿಲ್ಲ" ಎನ್ನುವ ಮಾತು ಬರುತ್ತದೆ. ಈ ಮಾತನ್ನು ನಾನು ನನ್ನ ಕಿವಿಯಲ್ಲೇ ಕೇಳಿದ್ದೇನೆ. ಹೇಳಿದವರು ಕೆಟ್ಟವರೂ ಅಲ್ಲ. ಅದೇ ಕೇರಿಯಲ್ಲಿ ಯಾರಿಗೋ ಹಾವು ಕಚ್ಚಿದಾಗ ರಾತ್ರಿ ತಮ್ಮ ಜೀಪು ತೆಗೆದುಕೊಂಡು ಹೋದವರು. ಅಂಥವರ ಬಾಯಲ್ಲೂ ಆ ಮಾತು ಬರುವ ಹಾಗೆ ಆಗಿದೆಯಲ್ಲ, ನನ್ನ ಸಂಕಟ ಅದು.

ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಅರಣ್ಯ ಹಕ್ಕು ಸಮಿತಿ ರಚನೆ ಆಗುವುದೂ ಗ್ರಾಮಸಭೆಯಲ್ಲೇ. ಅತಿಕ್ರಮಣ ಜಮೀನನ್ನೇ ನಂಬಿ ಬದುಕುವ ಕುಟುಂಬಗಳು ಈ ಜಿಲ್ಲೆಯಲ್ಲಿ ಎಷ್ಟಿವೆ ಎಂದು ನಿಮಗೆ ಗೊತ್ತು, ಅವರ ಅರ್ಜಿ ಹಿಡಿದು ನೀವೂ ಭಾಷಣ ಮಾಡಿದ್ದೀರಿ. ಅವರಿಗೆ ಗ್ರಾಮಸಭೆ ಎಂದರೆ ಜೀವನದ ಪ್ರಶ್ನೆ. ಅಲ್ಲಿ ಎರಡು ಗುಂಪಾಗಿ ಕೂತು, ಒಂದು ಗುಂಪು ಎದ್ದು ಹೋದರೆ ಸಭೆ ಮುಂದಕ್ಕೆ ಹೋಗುತ್ತದೆ. ಹೋದವರಿಗೆ ಏನೂ ನಷ್ಟ ಇಲ್ಲ. ಕೂಲಿ ಬಿಟ್ಟು ಬಂದು ಹಿಂದಿನ ಸಾಲಲ್ಲಿ ಕೂತವರಿಗೆ ನಷ್ಟ.

ಈಗ ಸೊಸೈಟಿ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಏಕೆಂದರೆ ಇದು ನಾವೇ ಕಟ್ಟಿಕೊಂಡದ್ದು.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದರು. ಆ ಗಾಳಿ ನಮ್ಮ ಘಟ್ಟಕ್ಕೂ ಬೇಗ ಬಂತು. ಶಿರಸಿಯಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು 1920ರಲ್ಲಿ, ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದವು. ಆಗ ಅಡಿಕೆ ಬೆಳೆಗಾರ ದಲ್ಲಾಳಿಯ ಅಂಗಡಿಯಲ್ಲಿ ಸಾಲ ತಂದು, ಅದೇ ಅಂಗಡಿಗೆ ಅಡಿಕೆ ಹಾಕಿ, ಅವನು ಹೇಳಿದ ದರಕ್ಕೆ ತಲೆಯಾಡಿಸಿ ಬರಬೇಕಿತ್ತು. ಸೊಸೈಟಿ ಬಂದ ಮೇಲೆ ಬೆಳೆಗಾರನ ಚಾಲಿ, ರಾಶಿ, ಬೆಟ್ಟೆ ಹೀಗೆ ಬಗೆಬಗೆಯ ಅಡಿಕೆ ಅವನದೇ ಹೆಸರಿನಲ್ಲಿ ಟೆಂಡರಿಗೆ ನಿಂತಿತು. ವ್ಯಾಪಾರಿಗಳು ಎಲ್ಲರೆದುರು ದರ ಬರೆಯುವಂತಾಯಿತು. ಇವತ್ತು ಹಳ್ಳಿಯ ಸೊಸೈಟಿ ಬರೀ ಸಾಲದ ಮನೆ ಅಲ್ಲ. ಬೆಳೆಸಾಲ, ಗೊಬ್ಬರ, ಮೈಲುತುತ್ತ, ರೇಷನ್, ಬೆಳೆ ವಿಮೆಯ ಕಂತು ಎಲ್ಲ ಅಲ್ಲೇ. ಕರಾವಳಿಯಲ್ಲಿ ಮೀನುಗಾರರ ಸಹಕಾರಿ ಸಂಘಗಳಿಗೂ ಇಷ್ಟೇ ಮಹತ್ವ ಇದೆ. ದೋಣಿಯ ಡೀಸೆಲ್‌ನಿಂದ ಹಿಡಿದು ಸಾಲದವರೆಗೆ ಅವರ ಬದುಕು ಸಂಘದ ಬಾಗಿಲಲ್ಲೇ ಹಾದು ಹೋಗುತ್ತದೆ.

ಇಂಥ ಸಂಘದ ಚುನಾವಣೆ ಈಗ ಹೇಗೆ ನಡೆಯುತ್ತಿದೆ? ಎರಡು ಪ್ಯಾನೆಲ್. ಒಂದಕ್ಕೆ ಒಂದು ಪಕ್ಷ, ಇನ್ನೊಂದಕ್ಕೆ ಇನ್ನೊಂದು. ಲೆಕ್ಕಪತ್ರ ಓದಲು ಬರುವವರು, ಸುಸ್ತಿ ಸಾಲ ವಸೂಲಿ ಮಾಡುವ ಧೈರ್ಯ ಇರುವವರು, ಗೋಡೌನಿನ ತೇವ ನೋಡುವವರು ಬೇಕು. ಬರುವವರು ಮುಂದಿನ ಚುನಾವಣೆಯ ಟಿಕೆಟ್ಟಿಗೆ ಮೆಟ್ಟಿಲು ಹುಡುಕುವವರು. ಮೇಲೆ ಹೋದಂತೆ ಇದು ಇನ್ನೂ ಹೆಚ್ಚು. ರಾಜ್ಯದ ಎಷ್ಟೋ ಜಿಲ್ಲಾ ಸಹಕಾರಿ ಬ್ಯಾಂಕುಗಳಲ್ಲಿ ಶಾಸಕರು, ಮಾಜಿ ಶಾಸಕರು, ಸಚಿವರೇ ನಿರ್ದೇಶಕ, ಅಧ್ಯಕ್ಷ ಸ್ಥಾನಕ್ಕೆ ಗುದ್ದಾಡುತ್ತಾರೆ. ಶಾಸನ ಮಾಡುವ ಕೆಲಸ ಒಂದು, ಆ ಶಾಸನದ ಕೆಳಗೆ ಬ್ಯಾಂಕು ನಡೆಸುವ ಕೆಲಸ ಇನ್ನೊಂದು. ಎರಡನ್ನೂ ಒಬ್ಬರೇ ಮಾಡಿದರೆ ತಪಾಸಣೆ ಮಾಡುವವರು ಯಾರು?

ಸೊಸೈಟಿಗೆ ನಷ್ಟ ಆದರೆ ಅದನ್ನು ತುಂಬುವುದು ಪಕ್ಷದ ನಿಧಿಯಿಂದಲ್ಲ. ಸದಸ್ಯನ ಷೇರು, ಸದಸ್ಯನ ಠೇವಣಿ ಹೋಗುತ್ತದೆ. ಮಗಳ ಮದುವೆಗೆಂದು ಇಟ್ಟ ದುಡ್ಡು, ಅಡಿಕೆ ಮಾರಿ ಬಂದದ್ದರಲ್ಲಿ ಉಳಿಸಿದ ದುಡ್ಡು. ನಾನು ಸದಸ್ಯನಾಗಿರುವ ಸಂಘದಲ್ಲಿ ಒಮ್ಮೆ ವಾರ್ಷಿಕ ಮಹಾಸಭೆಯ ಅರ್ಧ ಹೊತ್ತು ಯಾವ ನಾಯಕರ ಫೋಟೊ ಕ್ಯಾಲೆಂಡರಿನಲ್ಲಿ ಇರಬೇಕು ಎನ್ನುವ ಜಗಳದಲ್ಲೇ ಹೋಯಿತು. ಸುಸ್ತಿ ಸಾಲದ ಪಟ್ಟಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. "ಮಂಜೂರ್, ಮಂಜೂರ್" ಎಂದು ಕೂಗಿ ಎದ್ದರು. ಆ ದಿನ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿತ್ತು. ಹವಾಮಾನ ಆಧಾರಿತ ಬೆಳೆ ವಿಮೆಗೆ ನಾವು ಕಂತು ಕಟ್ಟುತ್ತೇವೆ. ಪರಿಹಾರ ನಿಂತಿರುವುದು ಪಂಚಾಯಿತಿ ಮಟ್ಟದ ಮಳೆಮಾಪನದ ಲೆಕ್ಕದ ಮೇಲೆ. ಆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ಯಾರು ನೋಡುತ್ತಾರೆ? ಅದು ತಪ್ಪು ಲೆಕ್ಕ ಕೊಟ್ಟರೆ ಇಡೀ ಪಂಚಾಯಿತಿಯ ಬೆಳೆಗಾರರೆಲ್ಲ ಒಟ್ಟಿಗೆ ಮುಳುಗುತ್ತಾರೆ. ಕೊಳೆರೋಗ, ಎಲೆಚುಕ್ಕಿ ಬಂದು ಅಡಿಕೆ ಗೊನೆ ಗೊನೆಯೇ ಉದುರುವ ವರ್ಷ ಇದಕ್ಕಿಂತ ದೊಡ್ಡ ವಿಷಯ ನಮಗೆ ಬೇರೆ ಯಾವುದಿದೆ? ಅದನ್ನು ಕೇಳಲು ಸಮಯ ಸಿಗಲಿಲ್ಲ.

ಸಂವಿಧಾನದ 43ಬಿ ವಿಧಿ ಓದಿ ನೋಡಿ. 2011ರ 97ನೇ ತಿದ್ದುಪಡಿಯಲ್ಲಿ ಸೇರಿದ್ದು. ಸಹಕಾರ ಸಂಘಗಳು ಜನರ ಸ್ವಂತ ಇಚ್ಛೆಯಿಂದ ಹುಟ್ಟಬೇಕು, ಸ್ವತಂತ್ರವಾಗಿ ಕೆಲಸ ಮಾಡಬೇಕು, ಪ್ರಜಾಸತ್ತಾತ್ಮಕ ಹಿಡಿತದಲ್ಲಿ ಇರಬೇಕು, ವೃತ್ತಿಪರವಾಗಿ ನಡೆಯಬೇಕು, ಇದಕ್ಕೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎನ್ನುತ್ತದೆ. ಆ ತಿದ್ದುಪಡಿಯ ಬೇರೆ ಭಾಗದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ 2021ರಲ್ಲಿ ತೀರ್ಪು ಬಂದಿರಬಹುದು. ಈ ಮಾತು ಹಾಗೇ ಉಳಿದಿದೆ. ಪ್ರಜಾಸತ್ತಾತ್ಮಕ ಹಿಡಿತ ಎಂದು ಬರೆದಿದೆ, ಅಂದರೆ ಸದಸ್ಯರ ಹಿಡಿತ. ಪಕ್ಷದ ಹಿಡಿತ ಎಂದು ಎಲ್ಲೂ ಬರೆದಿಲ್ಲ.

ಸಂಘ ಸದಸ್ಯರ ಹಿಡಿತದಲ್ಲಿ ಇದ್ದಾಗ ಏನು ಮಾಡಬಲ್ಲದು ಎಂಬುದಕ್ಕೆ ಶಿರಸಿಯಲ್ಲೇ ಉದಾಹರಣೆ ಇದೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ತೋಟ, ಕಾಡು ಮುಳುಗುವ ಭಯ ಇತ್ತು. ಆಗ ತೋಟಗಾರರ ಸೇಲ್ ಸೊಸೈಟಿ ಮುಂದೆ ನಿಂತು 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು, ಬೆಳೆಗಾರರನ್ನು ಒಂದೇ ಕಡೆ ಕೂರಿಸಿ ಯೋಜನೆಯ ಲಾಭ ನಷ್ಟದ ಲೆಕ್ಕ ಹಾಕಿಸಿತು. ಘೋಷಣೆಗಿಂತ ಲೆಕ್ಕ ಮುಂದಿತ್ತು. ಕೊನೆಗೆ ಯೋಜನೆ ಕೈಬಿಡಲಾಯಿತು. ಅದು ಯಾವ ಪಕ್ಷದ ಕಾರ್ಯಕ್ರಮವೂ ಆಗಿರಲಿಲ್ಲ, ಹಾಗಾಗಿ ಎಲ್ಲ ಪಕ್ಷದವರೂ ಬಂದು ಕೂರಬಹುದಿತ್ತು. ಎರಡು ವರ್ಷದ ನಂತರ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿನಲ್ಲಿ ಮರ ಅಪ್ಪಿ ನಿಂತಾಗಲೂ ಹಾಗೇ. ಊರಿನ ಯುವಕ ಮಂಡಳಿಗೆ ಬಾವುಟ ಬೇಕಾಗಿರಲಿಲ್ಲ. ಇವತ್ತು ಅಂಥದೇ ಯೋಜನೆ ಬಂದರೆ ನಾವು ಹಾಗೆ ಒಟ್ಟಾಗಿ ನಿಲ್ಲುತ್ತೇವಾ? ಯೋಜನೆ ತಂದ ಸರ್ಕಾರ ಯಾರದ್ದು ಎಂದು ಮೊದಲು ನೋಡುತ್ತೇವೆ ಎಂಬುದು ನನ್ನ ಭಯ.

ಶಾಲೆಯ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ. ಎಸ್‌ಡಿಎಂಸಿ ಎಂದರೆ ಆ ಶಾಲೆಗೆ ಮಕ್ಕಳನ್ನು ಕಳಿಸುವ ಪಾಲಕರ ಸಮಿತಿ. ಅದರ ಕೆಲಸ ಬಿಸಿಯೂಟದ ಅಕ್ಕಿ ನೋಡುವುದು, ಸೋರುವ ಹಂಚು ಬದಲಿಸುವುದು, ಶಿಕ್ಷಕರು ಇಲ್ಲದಿದ್ದರೆ ಬಿಇಒ ಕಚೇರಿಗೆ ಹೋಗಿ ಕೇಳುವುದು. ಅದಕ್ಕೂ ನಿಮ್ಮವರ ಪಟ್ಟಿ ಬರುತ್ತದೆ. ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಯಾರನ್ನು ಕರೆದರು, ಯಾರನ್ನು ಬಿಟ್ಟರು, ಆಮಂತ್ರಣದಲ್ಲಿ ಯಾರ ಹೆಸರು ಮೇಲೆ ಬಂತು ಎಂದು ಮುಖ್ಯ ಶಿಕ್ಷಕರಿಗೆ ಫೋನು ಬರುತ್ತದೆ. ಮಕ್ಕಳು ಡ್ಯಾನ್ಸಿನ ಬಟ್ಟೆ ಹಾಕಿಕೊಂಡು ರಾತ್ರಿ ಹತ್ತರವರೆಗೆ ಕಾಯುತ್ತಾರೆ, ವೇದಿಕೆಯಲ್ಲಿ ಭಾಷಣ ಮುಗಿಯುವುದಿಲ್ಲ. ನಮ್ಮ ಘಟ್ಟದ ಶಾಲೆಗಳಲ್ಲಿ ಮಕ್ಕಳೇ ಕಡಿಮೆ. ಇರುವ ಹತ್ತು ಹದಿನೈದು ಮಕ್ಕಳ ಪಾಲಕರೂ ಎರಡಾದರೆ ಆ ಶಾಲೆ ಎಷ್ಟು ವರ್ಷ ಉಳಿದೀತು?

ನಿಮ್ಮಲ್ಲಿ ಕೆಲವರು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತೀರಿ. ಅದನ್ನು ನಾನು ತಳ್ಳಿಹಾಕುವುದಿಲ್ಲ. "ಪಕ್ಷ ಬೇಡ ಅಂದ್ರೆ ಮತ್ತೆ ಹಳೇ ಕಾಲಕ್ಕೇ ಹೋಗ್ತದೆ. ಊರಿನ ನಾಲ್ಕು ದೊಡ್ಡ ಮನೆಯವರು ಜಗುಲಿ ಮೇಲೆ ಕೂತು ಎಲ್ಲ ತೀರ್ಮಾನ ಮಾಡ್ತಾರೆ. ನಾವು ಬಂದ ಮೇಲೇ ಬಡವರಿಗೆ, ಹಿಂದುಳಿದವರಿಗೆ ಬಾಯಿ ಬಂದಿದ್ದು" ಎನ್ನುವುದು ಆ ಮಾತು. ಇದರಲ್ಲಿ ಸತ್ಯ ಇದೆ. ನಮ್ಮ ಜಿಲ್ಲೆಯಲ್ಲಿ ಗೇಣಿದಾರರು ಅನುಭವಿಸಿದ್ದು ಸಣ್ಣದಲ್ಲ. ಅವಿರೋಧ ಆಯ್ಕೆ ಎನ್ನುವುದು ಎಷ್ಟೋ ಕಡೆ ಬೇರೆಯವರನ್ನು ನಿಲ್ಲಲು ಬಿಡದಿರುವುದಕ್ಕೆ ಇಟ್ಟ ಒಳ್ಳೆಯ ಹೆಸರು. ರಾಜ್ಯದ ಕೆಲವು ಊರುಗಳಲ್ಲಿ ಪಂಚಾಯಿತಿ ಸ್ಥಾನವನ್ನು ಹರಾಜು ಹಾಕಿದ ಸುದ್ದಿಯನ್ನೂ ಓದಿದ್ದೇವೆ. ನಾನು ಅದನ್ನು ಕೇಳುತ್ತಿಲ್ಲ. ಸ್ಪರ್ಧೆ ಇರಲಿ. ಜಗಳವೂ ಇರಲಿ. ಕಾಲುಸಂಕ ಮೊದಲೋ, ಕುಡಿಯುವ ನೀರು ಮೊದಲೋ ಎಂದು ವಾದ ಆಗಬೇಕು, ಜೋರಾಗಿಯೇ ಆಗಬೇಕು.

ಆದರೆ ಯಲ್ಲಾಪುರದ ಸಿದ್ದಿ ಹೆಣ್ಣುಮಗಳು, ಅಂಕೋಲೆಯ ಹಾಲಕ್ಕಿ ಮನೆಯವಳು, ಜೊಯಿಡಾದ ಕುಣಬಿ ಸಮಾಜದವರು ಪಂಚಾಯಿತಿಯ ಕುರ್ಚಿಯಲ್ಲಿ ಕೂರುವಂತಾಗಿದ್ದು ಮೀಸಲಾತಿಯಿಂದ ಮತ್ತು ಗುಪ್ತ ಮತದಾನದಿಂದ. ಇದರ ಬುಡ ಹಾಕಿದವರಲ್ಲಿ ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರೂ ಒಬ್ಬರು. ಅವರು ಮುಖ್ಯಮಂತ್ರಿ, ನಜೀರ್ ಸಾಬರು ಪಂಚಾಯತ್ ರಾಜ್ ಸಚಿವರು. 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ಆದಾಗ ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ ಇತ್ತು. ಈಗ ಅದು ಶೇಕಡಾ 50. ಕಾನೂನು ಕೊಟ್ಟ ಈ ಕುರ್ಚಿಗೆ ನೀವು ಯಾರನ್ನು ತರುತ್ತೀರಿ? ಬಹಳ ಸಲ ನಿಮ್ಮ ಕಾರ್ಯಕರ್ತರ ಹೆಂಡತಿಯನ್ನು. ಸಭೆಯಲ್ಲಿ ಅವರು ಕೂರುತ್ತಾರೆ, ಬಾಗಿಲ ಹೊರಗಿಂದ ಗಂಡ ಮಾತಾಡುತ್ತಾನೆ. ಸ್ವಂತ ಬುದ್ಧಿ ಇರುವ, ಸ್ವಸಹಾಯ ಸಂಘದಲ್ಲಿ ಲೆಕ್ಕ ಇಟ್ಟು ಪಳಗಿದ ಹೆಂಗಸರು ಪ್ರತಿ ಊರಿನಲ್ಲಿ ಇದ್ದಾರೆ. ಅವರು ಯಾಕೆ ನಿಲ್ಲುವುದಿಲ್ಲ ಎಂದು ಕೇಳಿ ನೋಡಿ. "ಯಾವ ಪಾರ್ಟಿಯಿಂದ ಅಂತ ಕೇಳ್ತ್ರು, ಸುಮ್ನೆ ಯಾಕೆ ಅದೆಲ್ಲ" ಎನ್ನುತ್ತಾರೆ.

ಬಡವರ ಪರ ಇರುವುದಕ್ಕೆ ಪಕ್ಷವೇ ಬೇಕು ಎನ್ನುವವರಿಗೆ ದಿನಕರ ದೇಸಾಯಿಯವರನ್ನು ನೆನಪಿಸುತ್ತೇನೆ. ಗೇಣಿದಾರ ರೈತರ ಜೊತೆ ನಿಂತಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಅವರು ರಾಜಕೀಯದಿಂದ ದೂರ ಇದ್ದವರಲ್ಲ. 1967ರಲ್ಲಿ ಲೋಕಸಭೆಗೆ ಪಕ್ಷೇತರರಾಗಿ ನಿಂತರು, ಈ ಜಿಲ್ಲೆಯ ಜನ ಗೆಲ್ಲಿಸಿದರು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮ ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಹೋರಾಟದ ಜಾಗ ಬೇರೆ, ಶಾಲೆಯ ಜಾಗ ಬೇರೆ ಎಂದು ಅವರಿಗೆ ಗೊತ್ತಿತ್ತು. ನಾನು ಕೇಳುತ್ತಿರುವುದೂ ಅಷ್ಟೇ.

ಬಿಡಲು ಆಗುವುದಿಲ್ಲ, ವ್ಯವಸ್ಥೆಯೇ ಹೀಗೆ ಎನ್ನಬೇಡಿ. ಒಂದು ಕಡೆ ಬಿಟ್ಟಿದ್ದೀರಿ. ಹಿಂದೆ ಮೇಷ್ಟ್ರ ವರ್ಗಾವಣೆ ಆಗಬೇಕಾದರೆ ಶಿಫಾರಸು ಪತ್ರ ಬೇಕಿತ್ತು. ಬೆಂಗಳೂರಿನವರೆಗೆ ಓಡಾಟ, ಯಾರದೋ ಮನೆ ಬಾಗಿಲಲ್ಲಿ ಕಾಯುವುದು. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂತು. ಕೌನ್ಸೆಲಿಂಗ್ ಬಂತು. ಖಾಲಿ ಹುದ್ದೆ ಎಲ್ಲಿದೆ ಎಂದು ಎಲ್ಲರಿಗೂ ಕಾಣುತ್ತದೆ, ಸರದಿ ಬಂದಾಗ ಆರಿಸಿಕೊಳ್ಳುತ್ತಾರೆ. ಅದರಲ್ಲೂ ತಕರಾರುಗಳಿವೆ, ವಿಶೇಷ ಪ್ರಕರಣ ಎಂದು ಸಂದು ಹುಡುಕುವವರೂ ಇದ್ದಾರೆ. ಆದರೂ ನಮ್ಮ ಊರಿನ ಶಿಕ್ಷಕಿ ಈಗ ಯಾವ ಪಕ್ಷದವರಿಗೂ ಋಣಿಯಲ್ಲ. ಅದರಿಂದ ನಿಮ್ಮ ಪಕ್ಷಗಳೇನೂ ಮುಳುಗಲಿಲ್ಲ, ಅಲ್ವಾ? ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಪೊಲೀಸ್ ಸಿಬ್ಬಂದಿ ವರ್ಗಾವಣೆಗೂ ಇದೇ ದಾರಿ ಸಾಧ್ಯ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅವರಿಗೆ ನಿಗದಿತ ಅವಧಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆ ಕಡೆ ಕೆಲಸ ಆಗಬೇಕಾದ್ದು ನಿಮ್ಮ ಶಾಸಕರಿಂದ.

ನಿಮಗೆ ಕೆಲಸ ಇಲ್ಲದಂತೆ ಮಾಡುವುದು ನನ್ನ ಉದ್ದೇಶ ಅಲ್ಲ. ಪಕ್ಷಗಳು ಕುಸ್ತಿ ಮಾಡಬೇಕಾದ ಅಖಾಡ ಬೇರೆ ಇದೆ, ಅದು ಖಾಲಿ ಬಿದ್ದಿದೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ ಚುನಾವಣೆ ನಡೆದಿದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದ್ದೇ ಕಾರುಬಾರು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣ ಹೇಳುತ್ತಾ ಹೋದರು. ಮಧ್ಯೆ 2023ರಲ್ಲಿ ಸರ್ಕಾರವೂ ಬದಲಾಯಿತು. ಹಿಂದಿನವರೂ ಮಾಡಲಿಲ್ಲ, ಬಂದವರೂ ಆತುರ ತೋರಿಸಲಿಲ್ಲ. ಪಕ್ಷದ ಚಿಹ್ನೆ ಮೇಲೆ ನಿಲ್ಲಲು ಕಾನೂನೇ ಅವಕಾಶ ಕೊಟ್ಟ ಜಾಗಕ್ಕೆ ಚುನಾವಣೆ ಕೇಳುವುದಿಲ್ಲ, ಕಾನೂನು ಬೇಡ ಎಂದ ಜಾಗಕ್ಕೆ ನುಗ್ಗುತ್ತೀರಿ. ಇದು ಯಾವ ನ್ಯಾಯ?

ಆಸ್ಪತ್ರೆ ವಿಷಯವನ್ನೇ ತೆಗೆದುಕೊಳ್ಳಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿಗೆ ಬಡಿಯಿತು. ನಾಲ್ಕು ಜೀವ ಹೋಯಿತು. ಅದೇ ದಿನಗಳಲ್ಲಿ ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಜಿಲ್ಲೆಯ ಯುವಕರು ಎದ್ದರು. ಭಟ್ಕಳದಿಂದ ಜೊಯಿಡಾದವರೆಗೆ, ಘಟ್ಟದ ಮೇಲೆ ಕೆಳಗೆ ಎನ್ನದೆ, ಜಾತಿ ಎನ್ನದೆ ಒಂದೇ ದನಿ. ಈಗಲೂ ತಲೆಗೆ ಪೆಟ್ಟು ಬಿದ್ದರೆ, ಹೃದಯಕ್ಕೆ ತೊಂದರೆ ಆದರೆ ನಮ್ಮವರು ಓಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಗೋವಾಕ್ಕೆ. ಆಸ್ಪತ್ರೆ ಕಾರವಾರದಲ್ಲಾ, ಕುಮಟಾದಲ್ಲಾ, ಶಿರಸಿಯಲ್ಲಾ, ಯಾರ ಕಾಲದಲ್ಲಿ ಘೋಷಣೆ ಆಯಿತು, ಯಾರಿಂದ ನಿಂತಿತು ಎಂಬ ಹೇಳಿಕೆಗಳಲ್ಲೇ ಆ ಒಂದು ದನಿ ಹರಿದು ಹಂಚಿಹೋಯಿತು. ಅಂಕೋಲಾ ಹುಬ್ಬಳ್ಳಿ ರೈಲಿನದ್ದು 1990ರ ದಶಕದಿಂದ ಬಂದ ಕಥೆ. ಇವೆಲ್ಲ ನಿಮ್ಮ ಕೆಲಸ. ವಿಧಾನಸೌಧದಲ್ಲಿ, ಸಂಸತ್ತಿನಲ್ಲಿ ಕೂತು ಮಾಡುವ ಕೆಲಸ. ಅಲ್ಲಿ ಜಗಳ ಆಡಿ, ನಾವು ಹಿಂದೆ ನಿಲ್ಲುತ್ತೇವೆ.

ಇನ್ನು ನಿಮ್ಮಿಂದ ಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಮೊದಲು ಎಲ್ಲ ಪಕ್ಷಗಳ ಜಿಲ್ಲಾಧ್ಯಕ್ಷರು ಒಂದೇ ಹೇಳಿಕೆಗೆ ಸಹಿ ಹಾಕಿ. ವಾರ್ಡಿನ ಅಭ್ಯರ್ಥಿಯನ್ನು ಪಕ್ಷ ಆರಿಸುವುದಿಲ್ಲ, ದುಡ್ಡು ಕೊಡುವುದಿಲ್ಲ, ಗೆದ್ದವರನ್ನು ನಮ್ಮವರು ಎಂದು ಎಣಿಸಿ ಪತ್ರಿಕೆಗೆ ಕೊಡುವುದಿಲ್ಲ ಎಂದು ಬರೆಯಿರಿ. ಅಧ್ಯಕ್ಷ ಸ್ಥಾನದ ಚುನಾವಣೆಗೆ ಮೊದಲು ಸದಸ್ಯರನ್ನು ರೆಸಾರ್ಟಿಗೆ ಕರೆದುಕೊಂಡು ಹೋಗುವ ಪದ್ಧತಿ ಕೈಬಿಡಿ. ಸೊಸೈಟಿಗೆ ನಿಮ್ಮ ಪದಾಧಿಕಾರಿ ನಿಲ್ಲಲಿ, ಅದು ಅವರ ಹಕ್ಕು. ಆದರೆ ಗೆದ್ದು ಅಧ್ಯಕ್ಷರಾದರೆ ಅಷ್ಟು ವರ್ಷ ಪಕ್ಷದ ಹುದ್ದೆ ಬಿಡಲಿ. ಪಕ್ಷದ ಸದಸ್ಯತ್ವ ಇರಲಿ, ಮನಸ್ಸಿನಲ್ಲಿ ಪಕ್ಷ ಇರಲಿ, ಅದನ್ನು ಯಾರೂ ಕೇಳುವುದಿಲ್ಲ. ಎಸ್‌ಡಿಎಂಸಿಗೆ ಯಾರ ಹೆಸರನ್ನೂ ಕಳಿಸಬೇಡಿ, ಪಾಲಕರು ಕೂತು ಆರಿಸಿಕೊಳ್ಳುತ್ತಾರೆ.

ಜಿಲ್ಲೆಯ ಪತ್ರಿಕೆಗಳ ಸಂಪಾದಕರಿಗೂ ಇಲ್ಲೇ ಒಂದು ಮಾತು. ಗ್ರಾಮ ಪಂಚಾಯಿತಿ ಫಲಿತಾಂಶ ಬಂದಾಗ ಪಕ್ಷವಾರು ಬಲಾಬಲ ಹಾಕಬೇಡಿ. ಗೆದ್ದವರ ಹೆಸರು, ವಾರ್ಡು, ಅವರು ಕೊಟ್ಟ ಮಾತು ಹಾಕಿ. ಎರಡೂವರೆ ವರ್ಷ ಬಿಟ್ಟು ಆ ಮಾತು ಎಲ್ಲಿಗೆ ಬಂತು ಎಂದು ಮತ್ತೆ ಹಾಕಿ. ಓದುವುದಕ್ಕೆ ನಾವಿದ್ದೇವೆ.

ಮತ್ತು ನನ್ನಂಥ ಸದಸ್ಯರಿಗೆ, ಮತದಾರರಿಗೆ. ಪಕ್ಷಗಳು ಬಂದದ್ದು ಖಾಲಿ ಬಿಟ್ಟ ಜಾಗಕ್ಕೆ. ಗ್ರಾಮಸಭೆಗೆ ಹೋಗಲು ನಮಗೆ ಪುರುಸೊತ್ತು ಇಲ್ಲ, ಮಹಾಸಭೆಯಲ್ಲಿ ವರದಿ ಪುಸ್ತಕ ಬಿಚ್ಚುವುದಿಲ್ಲ, ಒಳ್ಳೆಯವರನ್ನು ನಿಲ್ಲಿ ಎಂದು ಕೇಳಲು ಸಂಕೋಚ. ಮುಂದಿನ ಸೆಪ್ಟೆಂಬರ್ ಮಹಾಸಭೆಗೆ ವರದಿ ಪುಸ್ತಕ ಮನೆಗೆ ಬಂದ ಕೂಡಲೇ ಸುಸ್ತಿ ಸಾಲದ ಪುಟ, ಠೇವಣಿಯ ಪುಟ, ಲೆಕ್ಕಪರಿಶೋಧಕರ ಆಕ್ಷೇಪಣೆಯ ಪುಟ ಓದಿಕೊಂಡು ಹೋಗೋಣ. ಮುಂದಿನ ಸಾಲಲ್ಲಿ ಕೂತು ಕೇಳೋಣ. ಉತ್ತರ ಸಿಗುವವರೆಗೆ ಮಂಜೂರ್ ಎನ್ನುವುದು ಬೇಡ.

ಜಿಲ್ಲಾಧ್ಯಕ್ಷರೇ, ನಿಮ್ಮ ಉತ್ತರವನ್ನು ಪತ್ರಿಕೆಯ ಮೂಲಕವೇ ಕೊಡಿ. ಆಗುತ್ತದೆ ಎಂದರೂ ಸರಿ, ಆಗುವುದಿಲ್ಲ ಎಂದರೂ ಕಾರಣ ಬರೆಯಿರಿ. ಯಾವ ಪಕ್ಷದಿಂದ ಏನು ಬಂತೋ ಅದನ್ನು ಒಂದಕ್ಷರ ಬದಲಿಸದೆ ನಮ್ಮ ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇನೆ. ಉತ್ತರ ಬಾರದ ಪಕ್ಷಗಳ ಹೆಸರನ್ನೂ ಓದುತ್ತೇನೆ.

ಇಂತಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ,
ಸೇವಾ ಸಹಕಾರಿ ಸಂಘದ ಸದಸ್ಯ